ಉಪ್ಪುನೀರಿನ ಅಕ್ವೇರಿಯಂಗೆ ಎರಡು ಡ್ರಮ್ ಸಾಕು

ಪ್ರಶ್ನೆ: ಬೆಂಗಳೂರಿನ ನಮ್ಮ ಫ್ಲ್ಯಾಟ್‌ನಲ್ಲಿ 250 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿ ಕ್ಲೌನ್ ಮೀನುಗಳೂ ಕೆಲವು ಹವಳಗಳೂ ಇವೆ. ವಾರವಾರವೂ ಬಕೆಟ್‌ನಲ್ಲಿ ಉಪ್ಪು ಕದಡಿ ಸಾಕಾಗಿದ್ದು, ಯುಟಿಲಿಟಿಯಲ್ಲಿ ನೀರು ಬೆರೆಸಿ ಸಂಗ್ರಹಿಸಲು ಕಾಯಂ ವ್ಯವಸ್ಥೆ ಮಾಡಬೇಕೆಂದಿದ್ದೇನೆ. ಏನೇನು ಬೇಕು? ಅಡುಗೆಮನೆಯ ಆರ್‌ಓ ನೀರು ಸಾಲದೇ?

ಉತ್ತರ: ಸಾಲದು. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗೆಂದು ಖನಿಜ ಸೇರಿಸುವ ಕಾರ್ಟ್ರಿಜ್ ಅಥವಾ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ, ಖನಿಜಗಳ ಪ್ರಮಾಣ) ನಿಯಂತ್ರಕ ಇರುವುದೇ ಹೆಚ್ಚು. ಹೀಗಾಗಿ ಹೊರಬರುವ ನೀರಿನ ಟಿಡಿಎಸ್ ಲೀಟರಿಗೆ ಹಲವು ಹತ್ತು ಮಿಲಿಗ್ರಾಂಗಳಷ್ಟಿರುತ್ತದೆ. ಅಕ್ವೇರಿಯಂಗೆ ಅದು ಸೊನ್ನೆಯ ಹತ್ತಿರವಿರಬೇಕು. ಕಾರ್ಬನ್ ಫಿಲ್ಟರ್, ಆರ್‌ಓ ಮೆಂಬ್ರೇನ್, ಕೊನೆಯಲ್ಲಿ ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇರುವ ಪ್ರತ್ಯೇಕ ಘಟಕವನ್ನೇ ಕೊಳ್ಳಿ. ಕಾವೇರಿ ನೀರಿನ ಕ್ಲೋರಿನ್ ಮೆಂಬ್ರೇನನ್ನು ಹಾಳು ಮಾಡುವುದರಿಂದ ಕಾರ್ಬನ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುತ್ತಿರಬೇಕು. ಬೋರ್‌ವೆಲ್ ನೀರು ಗಡಸಾಗಿದ್ದರೆ ರೆಸಿನ್ ಬೇಗ ಮುಗಿಯುತ್ತದೆ. ಹಣ ಹಾಕಬೇಕಾದದ್ದು ಇಲ್ಲಿ, ಗೋಡೆಯ ತುಂಬ ಪೈಪು ಜೋಡಿಸುವುದಕ್ಕಲ್ಲ.

ಡ್ರಮ್‌ಗಳು ಎರಡು ಬೇಕು. ಒಂದರಲ್ಲಿ ಬರೀ ಶುದ್ಧ ನೀರು, ಇನ್ನೊಂದರಲ್ಲಿ ಬೆರೆಸಿದ ಉಪ್ಪುನೀರು. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ದಿನನಿತ್ಯ ತುಂಬಿಸಬೇಕಾದದ್ದು ಶುದ್ಧ ನೀರನ್ನೇ. ವಾರಕ್ಕೆ ಶೇಕಡಾ 10ರಷ್ಟು ನೀರು ಬದಲಿಸುವುದಾದರೆ ನಿಮಗೆ 25 ಲೀಟರ್ ಸಾಕು, ಹೀಗಾಗಿ ತಲಾ 100 ಲೀಟರಿನ ಡ್ರಮ್‌ಗಳು ಧಾರಾಳವಾದವು. ತುಂಬಿದಾಗ ಎರಡೂ ಸೇರಿ ಇನ್ನೂರು ಕಿಲೊ ಮೀರುತ್ತವೆ, ಆದಕಾರಣ ಕಪಾಟಿನ ಮೇಲಿಡದೆ ನೆಲದ ಮೇಲೇ ಇಡಿ. ಗುಜರಿ ಅಂಗಡಿಯ ನೀಲಿ ಡ್ರಮ್ ಅಗ್ಗವೆನಿಸಬಹುದು. ಅದರಲ್ಲಿ ಹಿಂದೆ ಯಾವ ರಾಸಾಯನಿಕವಿತ್ತೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಆಹಾರ ದರ್ಜೆಯ, ಮುಚ್ಚಳ ಬಿಗಿಯಾಗಿ ಕೂರುವ ಹೊಸ ಡ್ರಮ್ಮನ್ನೇ ತನ್ನಿ. ನಲ್ಲಿ, ಜೋಡಣೆಗಳೆಲ್ಲ ಪ್ಲಾಸ್ಟಿಕ್ಕಿನವಾಗಿರಲಿ, ಏಕೆಂದರೆ ಹಿತ್ತಾಳೆಯಿಂದ ಬಿಡುವ ತಾಮ್ರ ಅತ್ಯಲ್ಪವಾದರೂ ಹವಳ, ಸೀಗಡಿ, ಬಸವನಹುಳುಗಳಿಗೆ ವಿಷ.

ಬೆರೆಸುವಾಗ ಮೊದಲು ನೀರು, ಆಮೇಲೆ ಅಕ್ವೇರಿಯಂಗೆಂದೇ ಮಾರುವ ಉಪ್ಪು. ಡ್ರಮ್ಮಿನೊಳಗೆ ಸಣ್ಣ ಪಂಪ್ ಓಡುತ್ತಿರುವಾಗಲೇ ಬಟ್ಟಲು ಬಟ್ಟಲಾಗಿ ಉದುರಿಸುತ್ತ ಹೋಗಿ. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಹಿಡಿಯುತ್ತದೆ. ಉಪ್ಪು ಹಾಕಿ ಮೇಲಿಂದ ನೀರು ಸುರಿದರೆ ತಳದಲ್ಲಿ ಸಾಂದ್ರತೆ ವಿಪರೀತವಾಗಿ, ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಗೊಂಡು, ಬೆರಳಿಗೆ ತರಿತರಿಯಾಗಿ ತಗುಲುವ ಬಿಳಿ ಪದರವಾಗಿ ಅಂಟಿಕೊಳ್ಳುತ್ತದೆ. ನೀರು ಪೂರ್ತಿ ತಿಳಿಯಾದ ಮೇಲೆ, 25 ಡಿಗ್ರಿ ಶಾಖದ ಆಸುಪಾಸಿನಲ್ಲಿ ಅಳೆಯಿರಿ: ವಿಶಿಷ್ಟ ಸಾಂದ್ರತೆ 1.026, ಅಂದರೆ ಸಾವಿರಕ್ಕೆ 35 ಭಾಗ ಲವಣ, ಬರಬೇಕು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, 35ರ ಮಾಪನ ದ್ರಾವಣದಿಂದಲೂ ಪರೀಕ್ಷಿಸಿ. ಬೆರೆಸಿದ ನೀರನ್ನು ಎಷ್ಟು ದಿನ ಇಡಬಹುದೆಂಬುದು ಉಪ್ಪಿನ ಬ್ರ್ಯಾಂಡಿಗೆ ತಕ್ಕಂತೆ ಬೇರೆಯಾಗುತ್ತದೆ. ಚೀಲದ ಮೇಲಿನ ಸೂಚನೆಯನ್ನು ನಂಬಿ. ಮಳೆಗಾಲದಲ್ಲಿ ತೆರೆದ ಚೀಲ ಹೆಂಟೆಗಟ್ಟುವುದು ಖಚಿತ, ಗಾಳಿಯಾಡದ ಡಬ್ಬಿಗೆ ತುಂಬಿಡಿ. ತಂತಿಯಗುಂಟ ಹರಿದ ನೀರು ಪ್ಲಗ್ ಸೇರದಂತೆ ಪಂಪಿನ ತಂತಿ ಪ್ಲಗ್ಗಿಗೆ ಏರುವ ಮೊದಲು ಕೆಳಗೆ ಜೋತಾಡಿಕೊಂಡಿರಲಿ, ಲೈನಿಗೆ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್) ಇರಲೇಬೇಕು. ಶುದ್ಧ ನೀರಿನ ಡ್ರಮ್ಮಿಗೆ, ತುಂಬಿದೊಡನೆ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಹಾಕಿಸಿ. ಕೆಳಮನೆಯವರ ಸೀಲಿಂಗ್ ಉಳಿಯುತ್ತದೆ.

ಪ್ರಶ್ನೆ: ಮಂಗಳೂರಿನಲ್ಲಿರುವ ನನಗೆ ಸಮುದ್ರವೇ ಪಕ್ಕದಲ್ಲಿದೆ. ಉಪ್ಪಿನ ಚೀಲ ಏಕೆ ಬೇಕು?

ಉತ್ತರ: ಬೇಸಿಗೆಯಲ್ಲಿ, ಬಂದರಿನಿಂದಲೂ ಅಳಿವೆಯಿಂದಲೂ ದೂರದಲ್ಲಿ ತಂದು ಸೋಸಿದ ನೀರನ್ನು ಬಳಸುವುದು ಸಾಧ್ಯ. ಆದರೆ ಜೂನ್‌ನಿಂದ ನೇತ್ರಾವತಿ, ಗುರುಪುರ ನದಿಗಳ ಕೆಂಪು ನೀರು ಕಡಲಿಗೆ ಸೇರಿ ತೀರದ ಉಪ್ಪಿನಂಶ ತೀರಾ ಇಳಿದುಬಿಡುತ್ತದೆ. ಆ ತಿಂಗಳುಗಳಿಗಾದರೂ ನಿಮ್ಮಲ್ಲೂ ಒಂದು ಚೀಲ ಉಪ್ಪು, ಒಂದು ಡ್ರಮ್ ಇರಬೇಕಾಗುತ್ತದೆ.