ಬಾಡಿದ ಹೊಲ ನೋಡಿ ಕೇಳಿದ ಅಕ್ಕ

ಆನ್‌ಲೈನ್‌ನಲ್ಲಿ ಸಿಕ್ಕ ಸ್ನೇಹಿತರು ನಿಜ ಜೀವನದಲ್ಲಿ ಲೆಕ್ಕಕ್ಕೆ ಬರುತ್ತಾರಾ, ಇಲ್ಲ ಎಲ್ಲಾ ಸುಮ್ನೆ ಸಮಯ ಹಾಳಾ ಅಂತ ಕೇಳಿದ್ದೀರಿ. ಬರುತ್ತಾರೆ, ಆದರೆ ಎಲ್ಲರೂ ಅಲ್ಲ. ನನಗೆ ಇದು ಗೊತ್ತಾಗಿದ್ದು ಒಂದು ಆಟದಿಂದ.

2009ರ ಜೂನ್‌ನಲ್ಲಿ ಫೇಸ್‌ಬುಕ್‌ಗೆ ಫಾರ್ಮ್‌ವಿಲ್ ಬಂತು. ನಾನು ಆಗಷ್ಟೇ ಬೆಂಗಳೂರಿಗೆ ಕೆಲಸಕ್ಕೆ ಬಂದು ಪಿಜಿಯಲ್ಲಿದ್ದೆ. ಊರು ಮಂಡ್ಯದ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಿನ ಗದ್ದೆ. ಆಟದಲ್ಲಿ ಚೌಕ ಚೌಕವಾದ ಹೊಲ ಇರುತ್ತಿತ್ತು. ಉಳಬೇಕು, ಬಿತ್ತಬೇಕು, ಬೆಳೆದ ಮೇಲೆ ಕೊಯ್ಯಬೇಕು. ಸ್ಟ್ರಾಬೆರಿ 4 ಗಂಟೆಗೆ ಬರುತ್ತಿತ್ತು, ಭತ್ತ 12 ಗಂಟೆಗೆ. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬೆಳೆ ಬಾಡಿ ಹೋಗುತ್ತಿತ್ತು. ನಾಲ್ಕು ತಿಂಗಳು ಕಾದು ಭತ್ತ ಬೆಳೆಯುವ ಮನೆಯಿಂದ ಬಂದ ನಾನು ಬೆಳಗಿನ ಜಾವ ಐದಕ್ಕೆ ಅಲಾರಂ ಇಟ್ಟು ಸ್ಟ್ರಾಬೆರಿ ಕೊಯ್ಯುತ್ತಿದ್ದೆ. ನಾಟಿಗೆ ಬಾ ಅಂತ ಅಮ್ಮ ಫೋನ್ ಮಾಡಿದರೆ ಕೆಲಸ ಜಾಸ್ತಿ ಇದೆ ಅನ್ನುತ್ತಿದ್ದೆ. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಆಟದಲ್ಲಿ ಹೊಲ ದೊಡ್ಡದು ಮಾಡಬೇಕಾದರೆ ನೆರೆಯವರು ಬೇಕಿತ್ತು. ಹಾಗಾಗಿ ಗುರುತು ಪರಿಚಯ ಇಲ್ಲದವರನ್ನೂ ಸೇರಿಸಿಕೊಂಡೆ, ನಲವತ್ತು ಜನರಾದರು. ಅವರ ಹೊಲಕ್ಕೆ ನಾನು ಗೊಬ್ಬರ ಹಾಕುವುದು, ನನ್ನ ಹೊಲಕ್ಕೆ ಅವರು ಹಾಕುವುದು. ನಮ್ಮೂರಲ್ಲಿ ಇದಕ್ಕೆ ಮುಯ್ಯಾಳು ಅನ್ನುತ್ತಾರೆ. ಇವತ್ತು ನಿಮ್ಮ ನಾಟಿಗೆ ನಾವು ಬಂದರೆ ನಾಳೆ ನಮ್ಮದಕ್ಕೆ ನೀವು ಬರಬೇಕು, ಕೂಲಿ ಲೆಕ್ಕ ಇಲ್ಲ. ಆಟದ ಮುಯ್ಯಿ ಒಂದು ಕ್ಲಿಕ್ಕಿಗೆ ತೀರಿ ಹೋಗುತ್ತಿತ್ತು. ತೀರಿದ ಮೇಲೆ ಯಾರಿಗೆ ಯಾರು?

2010ರಲ್ಲಿ ಅಪ್ಪನಿಗೆ ಹುಷಾರು ತಪ್ಪಿತು. ಹತ್ತು ದಿನ ಮೈಸೂರಿನ ಆಸ್ಪತ್ರೆಯಲ್ಲಿದ್ದೆ, ಆಟದ ನೆನಪೇ ಆಗಲಿಲ್ಲ. ವಾಪಸ್ ಬಂದು ತೆಗೆದರೆ ಹೊಲವೆಲ್ಲ ಬಾಡಿ ಬಿದ್ದಿತ್ತು. ಜೊತೆಗೆ ಒಂದು ಮೆಸೇಜ್. 'ನಿಮ್ಮ ಹೊಲ ಒಂದು ವಾರದಿಂದ ಬಾಡಿದೆ. ಮನೇಲಿ ಎಲ್ಲ ಚೆನ್ನಾಗಿದ್ದಾರಾ?' ಬರೆದವರು ನ್ಯೂಜೆರ್ಸಿಯಲ್ಲಿದ್ದ ಹಾಸನದ ಕಡೆಯ ಒಬ್ಬರು. ಒಂದು ದಿನವೂ ಮಾತಾಡಿರಲಿಲ್ಲ. ಪಿಜಿಯಲ್ಲಿ ಪಕ್ಕದ ಮಂಚದವರು ಕೂಡ ನಾನು ರಜೆಗೆ ಹೋಗಿದ್ದೀನಿ ಅಂದುಕೊಂಡಿದ್ದರು. ಆ ಮೆಸೇಜ್ ಓದಿ ಅತ್ತುಬಿಟ್ಟೆ. ಅವತ್ತಿನಿಂದ ಅವರು ನನಗೆ ಅಕ್ಕ.

ಊರಿನ ಕಡೆಯದನ್ನೂ ಹೇಳಬೇಕು. ಆ ಹತ್ತು ದಿನ ನಮ್ಮ ಗದ್ದೆಯನ್ನು ಕಾದಿದ್ದು ಪಕ್ಕದ ಗದ್ದೆಯ ದೊಡ್ಡಪ್ಪ. ರಾತ್ರಿ ಸರದಿಯಲ್ಲಿ ಎದ್ದು ಬ್ಯಾಟರಿ ಹಿಡಿದು ನೀರು ಕಟ್ಟಿದ್ದರು. ಕಳೆಯನ್ನೂ ತೆಗೆಸಿದ್ದರು. ದುಡ್ಡು ಕೊಡಲು ಹೋದರೆ 'ಮುಯ್ಯಿಗೆ ಬಂದು ತೀರಿಸು' ಅಂದರು. ನಾನು ಬರಲಿಲ್ಲ. ಒಂದು ವರ್ಷ ಅಲ್ಲ, ಹತ್ತು ವರ್ಷ.

ನಲವತ್ತು ಜನರಲ್ಲಿ ಮೂವತ್ತೊಂಬತ್ತು ಜನರ ಹೆಸರೂ ಈಗ ನೆನಪಿಲ್ಲ. ಅದು ಅವರ ತಪ್ಪಲ್ಲ, ಅವರಿಗೆ ಏನಾಗಿದೆ ಅಂತ ನಾನೂ ಕೇಳಿರಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ನಾನು ಆನ್‌ಲೈನ್, ಆಫ್‌ಲೈನ್ ಅಂತ ಗೆರೆ ಎಳೆಯುವುದಿಲ್ಲ. ನಾಲ್ಕು ದಿನ ನೀವು ಕಾಣಿಸದಿದ್ದರೆ ಯಾರು ಕೇಳುತ್ತಾರೆ, ನೀವು ಯಾರನ್ನು ಕೇಳುತ್ತೀರಿ, ಅದನ್ನು ನೋಡಿಕೊಳ್ಳಿ.

ಆಟ ಓಡಿಸುತ್ತಿದ್ದ ಫ್ಲ್ಯಾಶ್ ಅನ್ನುವ ಸಾಫ್ಟ್‌ವೇರ್ ನಿಂತಿದ್ದರಿಂದ 2020ರ ಡಿಸೆಂಬರ್ 31ಕ್ಕೆ ಫೇಸ್‌ಬುಕ್‌ನ ಆ ಆಟವೂ ಮುಚ್ಚಿತು. ನಾನು ಬಿಟ್ಟು ಆಗಲೇ ಎಷ್ಟೋ ವರ್ಷವಾಗಿತ್ತು. ಲಾಕ್‌ಡೌನ್‌ನಿಂದ ಆ ವರ್ಷ ಊರಿನಿಂದಲೇ ಕೆಲಸ ಮಾಡುತ್ತಿದ್ದೆ. ದೊಡ್ಡಪ್ಪನಿಗೆ ಮಂಡಿನೋವು, ರಾತ್ರಿ ಬದುವಿನ ಮೇಲೆ ನಡೆಯಲು ಆಗುತ್ತಿರಲಿಲ್ಲ. ನಾಲೆಗೆ ನೀರು ಬಿಟ್ಟಾಗ ಅವರ ಸರದಿಗೆ ನಾನು ಹೋದೆ. ಮೊದಲನೇ ರಾತ್ರಿ ಭಯವಾಯಿತು, ಅಕ್ಕನಿಗೆ ಫೋನ್ ಮಾಡಿದೆ. ನಮಗೆ ರಾತ್ರಿ ಎರಡು ಗಂಟೆ, ಅವರಿಗೆ ಸಂಜೆ ಹೊತ್ತು. ನಾನು ಮಡೆ, ಅಂದರೆ ಗದ್ದೆಗೆ ನೀರು ಹೋಗುವ ದಾರಿ, ತಿರುಗಿಸುತ್ತಾ ಮಾತಾಡುತ್ತಿದ್ದೆ. ಅವರು ನಡುವೆ ತಡೆದು, 'ಸ್ವಲ್ಪ ಸುಮ್ಮನಿರು, ಫೋನ್ ಕೆಳಗೆ ಹಿಡಿ' ಅಂದರು. ಗದ್ದೆ ತುಂಬಾ ಕಪ್ಪೆ ಕೂಗುತ್ತಿದ್ದವು. ಇಬ್ಬರೂ ಎಷ್ಟೋ ಹೊತ್ತು ಅದನ್ನೇ ಕೇಳಿಸಿಕೊಂಡೆವು.