ಹರಾಜಿನಲ್ಲಿ ಕೊಂಡ ‘ಸೀಲ್ಡ್’ ಬೋರ್ಡ್ ಗೇಮ್ ಅಲುಗಾಡಿಸಿದರೆ ಗಲಗಲ ಸದ್ದು: ಪ್ರತಿಕ್ರಿಯೆ

ಹರಾಜಿನಲ್ಲಿ ‘ಸೀಲ್ಡ್’, ಅಂದರೆ ಒಮ್ಮೆಯೂ ತೆರೆಯದ ಡಬ್ಬ ಎಂದು ಕೊಂಡ ಆಟ ಗಲಗಲ ಅನ್ನುತ್ತಿದೆ, ಮೋಸ ಹೋದೆನೇ, ಬೆಲೆ ಜಾಸ್ತಿಯಾಯಿತೇ ಎಂದು ಕೇಳಿದ್ದೀರಿ. ಯಾರೋ ಒಮ್ಮೆ ತೆರೆದು, ಮತ್ತೆ ಪ್ಲಾಸ್ಟಿಕ್ ಸುತ್ತಿದ ಡಬ್ಬದ ಹಾಗೆ ಕಾಣುತ್ತದೆ. ಹೊಸ ಆಟದಲ್ಲಿ ರಟ್ಟಿನ ಬಿಲ್ಲೆಗಳು ಹಾಳೆಯಿಂದ ಬಿಡಿಸಿರುವುದಿಲ್ಲ, ಹಾಗಾಗಿ ಗಲಗಲ ಅನ್ನಬಾರದು. ಆದರೆ ಒಳಗೆ ದಾಳ, ಮರದ ಕಾಯಿಗಳಿದ್ದರೆ ಸದ್ದು ಸಹಜ. ಅದೊಂದನ್ನೇ ನಂಬಬೇಡಿ.

ಸದ್ಯಕ್ಕೆ ಡಬ್ಬ ತೆರೆಯಬೇಡಿ. ಮೊದಲು ಮೂಲೆಗಳನ್ನು ಬೆಳಕಿಗೆ ಹಿಡಿದು ನೋಡಿ. ರಟ್ಟು ಸವೆದು ಬೆಳ್ಳಗಾಗಿದ್ದು, ಮೇಲಿನ ಪ್ಲಾಸ್ಟಿಕ್ ಮಾತ್ರ ಹೊಸದರಂತೆ ಹೊಳೆಯುತ್ತಿದ್ದರೆ ಅನುಮಾನ ಜಾಸ್ತಿ. ನನಗೆ ಸಿಕ್ಕಿದ್ದ ಒಂದು ಡಬ್ಬದಲ್ಲಿ ಕಿತ್ತ ಬೆಲೆ ಚೀಟಿಯ ಅಂಟು ಪ್ಲಾಸ್ಟಿಕ್‌ನ ಒಳಗಡೆ ಇತ್ತು, ಅದರ ಮೇಲೆ ಒಂದು ಕೂದಲು ಕೂಡ ಅಂಟಿಕೊಂಡಿತ್ತು! ಅದೇ ಆಟದ ಬೇರೆ ಸೀಲ್ಡ್ ಡಬ್ಬಗಳ ಫೋಟೋ ಹುಡುಕಿ, ಪ್ಲಾಸ್ಟಿಕ್‌ನ ಜೋಡಣೆ ಗೆರೆ ಎಲ್ಲಿ ಬರುತ್ತದೆ ಎಂದು ಹೋಲಿಸಿ.

ಆಮೇಲೆ ಆರೂ ಬದಿಯ ಫೋಟೋ ತೆಗೆದು, ಹರಾಜು ತಾಣದ ಸಂದೇಶದಲ್ಲೇ ಮಾರಾಟಗಾರರಿಗೆ ಬರೆಯಿರಿ. ಫೋನ್ ಮಾತು ಬೇಡ, ದಾಖಲೆ ಉಳಿಯಲ್ಲ. ಅವರೂ ಗೊತ್ತಿಲ್ಲದೆ ಕೊಂಡಿರಬಹುದು, ಸುಮ್ನೆ ಜಗಳದಿಂದ ಶುರು ಮಾಡಬೇಡಿ. ಒಪ್ಪದಿದ್ದರೆ ‘ವಿವರಣೆಗೆ ಹೊಂದುತ್ತಿಲ್ಲ’ ಎಂದು ತಾಣಕ್ಕೇ ದೂರು ಕೊಡಿ. ಇಬೇ (eBay) ಹರಾಜು ತಾಣವಾದರೆ ಡೆಲಿವರಿಯಾದ 30 ದಿನದೊಳಗೆ ಕೇಳಬೇಕು.

ಬೆಲೆ ಜಾಸ್ತಿಯಾಯಿತೇ ಅಂದಿರಲ್ವಾ? ಮಾರಾಟಕ್ಕಿಟ್ಟ ಬೆಲೆಗಳನ್ನು ಬಿಡಿ, ಅದನ್ನು ಯಾರು ಎಷ್ಟು ಬೇಕಾದರೂ ಬರೆಯಬಹುದು. ತಾಣದ ಹುಡುಕಾಟದಲ್ಲಿ ‘ಮಾರಾಟವಾದವು’ ಫಿಲ್ಟರ್ ಹಾಕಿ, ಸೀಲ್ಡ್ ಆಟದ ಜೊತೆಗೆ ತೆರೆದ ಆಟದ ಬೆಲೆಯನ್ನೂ ನೋಡಿ. ಮಾರಾಟಗಾರರು ಒಂದಿಷ್ಟು ಹಣ ವಾಪಸ್ ಕೊಡುತ್ತೇನೆ ಅಂದರೆ, ಆ ಎರಡು ಬೆಲೆಗಳ ವ್ಯತ್ಯಾಸಕ್ಕಿಂತ ಕಡಿಮೆಗೆ ಒಪ್ಪಬೇಡಿ.