ಸಂಪಾದಕರ ಉತ್ತರ: ಬೆಲ್ಟಿಗೆ ಮೊಳೆಯಲ್ಲಿ ಕೊರೆದ ತೂತು

ಮಾನ್ಯರೇ,

ನಿಮ್ಮ ಕೋರಿಕೆಯಂತೆ ಹೆಸರನ್ನೂ ಊರನ್ನೂ ಕೈಬಿಟ್ಟಿದ್ದೇನೆ. ಪತ್ರ ನಾಲ್ಕು ಪುಟದ್ದು, ಇಡಿಯಾಗಿ ಅಚ್ಚು ಹಾಕಲು ಜಾಗವಿಲ್ಲ. ಇತರ ಓದುಗರಿಗಾಗಿ ಅದರ ಸಾರವನ್ನಷ್ಟೇ ಹೇಳುತ್ತೇನೆ. ಕಳೆದ ಸಂಚಿಕೆಯ ಜಠರ ಕ್ಯಾನ್ಸರ್ ಲೇಖನ, ಅದರಲ್ಲೂ ಪಕ್ಕದ ಚೌಕಟ್ಟಿನಲ್ಲಿದ್ದ 'ಹೊಟ್ಟೆಯ ಕ್ಯಾನ್ಸರ್ ದೂರವಿಡಲು ಹತ್ತು ಸೂತ್ರಗಳು' ನಿಮ್ಮನ್ನು ಕೆರಳಿಸಿದೆ. ತಾಜಾ ಹಣ್ಣು ತಿನ್ನಿ, ಆಹಾರವನ್ನು ಫ್ರಿಜ್‌ನಲ್ಲಿಡಿ, ಶುದ್ಧ ನೀರು ಕುಡಿಯಿರಿ, ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳಿ ಎಂದೆಲ್ಲ ಅದರಲ್ಲಿತ್ತು. "ಈ ಹತ್ತರಲ್ಲಿ ಎಂಟು ಸೂತ್ರಗಳು ದುಡ್ಡಿದ್ದವರಿಗೆ ಮಾತ್ರ ಸಾಧ್ಯ. ಉಳಿದ ಎರಡನ್ನು, ಸೇದಬೇಡಿ ಮತ್ತು ಕುಡಿಯಬೇಡಿ ಎಂಬುದನ್ನು, ನಮ್ಮ ತಂದೆ ನೀವು ಹೇಳುವ ಮೊದಲೇ ಪಾಲಿಸಿದ್ದರು. ಐವತ್ತೆಂಟಕ್ಕೆ ಹೋದರು" ಎಂದು ಬರೆದಿದ್ದೀರಿ. ಕೊನೆಯಲ್ಲಿ ಎರಡು ಪ್ರಶ್ನೆಗಳು. ಇದು ಬಡವರ ಕಾಯಿಲೆ ಎಂದು ನೇರವಾಗಿ ಬರೆಯಲು ಏನು ಅಡ್ಡಿ? ಮೂವರು ಮಕ್ಕಳು ಈಗ ಏನು ಮಾಡಬೇಕು?

ಮೊದಲು ನನ್ನ ಪಾಲಿನ ತಪ್ಪು. ಆ ಚೌಕಟ್ಟನ್ನು ಬರೆದದ್ದು ಲೇಖಕರಲ್ಲ, ನಾನು. ಪುಟ ಕಟ್ಟುವಾಗ ಬಲಗಡೆ ಅಂಗೈಯಗಲ ಜಾಗ ಉಳಿದಿತ್ತು, ರಾತ್ರಿಯೂ ಆಗಿತ್ತು. ಆರೋಗ್ಯ ಲೇಖನದ ಪಕ್ಕ ಇಂಥ ಹತ್ತು ಸಾಲು ಬರೆಯುವುದಕ್ಕೆ ಈ ವೃತ್ತಿಯಲ್ಲಿ ಹತ್ತು ನಿಮಿಷವೂ ಬೇಕಾಗುವುದಿಲ್ಲ. ಒಂದೊಂದಾಗಿ ನೋಡಿದರೆ ಆ ಸೂತ್ರಗಳು ಸುಳ್ಳಲ್ಲ. ಆದರೆ ಒಟ್ಟಿಗೆ ಓದಿದಾಗ, ರೋಗಿ ಬೆಳೆದು ದೊಡ್ಡವನಾದ ಮೇಲೆ ತನ್ನ ಕೈಯಾರೆ ತಂದುಕೊಂಡ ಕಾಯಿಲೆ ಇದು ಎಂಬ ಅರ್ಥ ಹೊರಡುತ್ತದೆ. ಅದು ತಪ್ಪು.

ತಪ್ಪು ಎಲ್ಲಿದೆ ಎಂಬುದು ನಿಮ್ಮ ಪತ್ರದ ಎರಡನೆಯ ಪುಟದಲ್ಲೇ ಇದೆ, ನೀವು ಅದನ್ನು ಬೇರೆ ಮಾತಿಗೆ ಬರೆದಿದ್ದರೂ: "ಅಪ್ಪ ಬೆಳೆದದ್ದು ಒಂಬತ್ತು ಜನರಿದ್ದ ಒಂದೇ ಕೋಣೆಯಲ್ಲಿ. ನೀರು ಹೊರಗಿನಿಂದ ಹೊತ್ತು ತರಬೇಕಿತ್ತು." ನಿಮ್ಮ ತಂದೆಯ ಜಠರದ ಕಥೆ ಶುರುವಾದದ್ದು ಬಹುಮಟ್ಟಿಗೆ ಆ ಕೋಣೆಯಲ್ಲಿ, ಅವರಿಗೆ ನಾಲ್ಕೋ ಐದೋ ವರ್ಷವಾಗಿದ್ದಾಗ.

ಜಠರದ ಒಳಪೊರೆಯಲ್ಲಿ ಬಿಡಾರ ಹೂಡುವ ಸುರುಳಿಯಾಕಾರದ ಬ್ಯಾಕ್ಟೀರಿಯಾ ಒಂದಿದೆ, ಹೆಲಿಕೋಬ್ಯಾಕ್ಟರ್ ಪೈಲೋರಿ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಅದನ್ನು ಬೆಳೆಸಿ ತೋರಿಸಿದರು. ಆಮ್ಲದಲ್ಲಿ ಯಾವ ಜೀವಿ ಬದುಕೀತು ಎಂದು ನಕ್ಕವರನ್ನು ನಂಬಿಸಲು ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನಮ್ಮ ಲೇಖನವೂ ಹೇಳಿತ್ತು. ಅದು ಹೇಳದೆ ಬಿಟ್ಟದ್ದು ಈ ಜೀವಿ ಒಳಗೆ ಹೋಗುವುದು ಯಾವಾಗ, ಹೇಗೆ ಎಂಬುದನ್ನು. ಸಾಮಾನ್ಯವಾಗಿ ಬಾಲ್ಯದಲ್ಲಿ, ಮನೆಯವರಿಂದಲೇ, ಬಾಯಿಯಿಂದ ಬಾಯಿಗೆ, ವಾಂತಿಯಿಂದ, ಮಲದಿಂದ, ಕೆಟ್ಟ ನೀರಿನಿಂದ. ಒಮ್ಮೆ ಹೊಕ್ಕರೆ, ಔಷಧಿ ಕೊಟ್ಟು ಓಡಿಸದ ಹೊರತು, ಬಹುತೇಕ ಜೀವಮಾನವಿಡೀ ಅಲ್ಲೇ. ಬ್ರಿಟನ್ನಿನ ಸಂಶೋಧಕರು 1992ರಲ್ಲಿ ವಯಸ್ಕರ ರಕ್ತ ಪರೀಕ್ಷಿಸಿ, ಜೊತೆಗೆ ಅವರ ಬಾಲ್ಯದ ಮನೆಯ ಬಗ್ಗೆ ಕೇಳಿದರು. ಚಿಕ್ಕಂದಿನಲ್ಲಿ ಮನೆಯಲ್ಲಿ ಎಷ್ಟು ಜನ ಒತ್ತೊತ್ತಾಗಿದ್ದರು, ಮನೆಯೊಳಗೆ ಬಿಸಿನೀರಿನ ವ್ಯವಸ್ಥೆ ಇತ್ತೇ ಎಂಬುದಕ್ಕೂ ಈಗಿನ ಸೋಂಕಿಗೂ ಸ್ಪಷ್ಟ ನಂಟು ಕಂಡಿತು. ದೊಡ್ಡವರಾದ ಮೇಲೆ ಒಳ್ಳೆಯ ಕೆಲಸ, ಒಳ್ಳೆಯ ಮನೆ ಸಿಕ್ಕಿರಬಹುದು. ಜಠರ ಮಾತ್ರ ಹಳೆಯ ವಿಳಾಸದಲ್ಲೇ ಇರುತ್ತದೆ.

ಆಮೇಲಿನದು ನಿಧಾನ ನಡೆಯುವ ಕೆಲಸ. ಕೊಲಂಬಿಯಾ ಮೂಲದ ರೋಗಶಾಸ್ತ್ರಜ್ಞ ಪೆಲಾಯೊ ಕೊರ‍್ರೇಯಾ ಆ ಮೆಟ್ಟಿಲುಗಳನ್ನು ಒಂದೊಂದಾಗಿ ಗುರುತಿಸಿದರು. ಮೊದಲು ಒಳಪೊರೆಯ ಉರಿಯೂತ. ವರ್ಷಗಳ ನಂತರ ಆಮ್ಲ ಸ್ರವಿಸುವ ಗ್ರಂಥಿಗಳೇ ಸವೆದುಹೋಗುತ್ತವೆ. ಮುಂದೆ ಜಠರದ ಪೊರೆ ಕರುಳಿನ ಪೊರೆಯ ರೂಪ ತಾಳುತ್ತದೆ, ಕೋಶಗಳು ಹದ ತಪ್ಪುತ್ತವೆ, ಕೊನೆಗೆ ಕ್ಯಾನ್ಸರ್. ಇದಕ್ಕೆ ಮೂರು, ನಾಲ್ಕು ದಶಕ ಹಿಡಿಯಬಹುದು. ಅತಿಯಾದ ಉಪ್ಪು, ಉಪ್ಪು ಹಾಕಿ ಕಾಪಿಟ್ಟ ಆಹಾರ, ಧೂಮಪಾನ ಈ ಮೆಟ್ಟಿಲುಗಳನ್ನು ಬೇಗ ಹತ್ತಿಸುತ್ತವೆ. ತಾಜಾ ಹಣ್ಣು, ತರಕಾರಿ ತುಸು ತಡೆಯುತ್ತವೆ ಎಂದು ಕಾಣುತ್ತದೆ. ನನ್ನ ಹತ್ತು ಸೂತ್ರಗಳೆಲ್ಲ ಮೆಟ್ಟಿಲ ನಡುವಿನವು. ಮೊದಲ ಮೆಟ್ಟಿಲಿನ ಸುದ್ದಿಯೇ ಅಲ್ಲಿರಲಿಲ್ಲ, ಏಕೆಂದರೆ ಐದು ವರ್ಷದ ಮಗುವಿಗೆ ಸೂತ್ರ ಬರೆಯಲು ಬರುವುದಿಲ್ಲ.

ಇದಕ್ಕೆ ದೇಶಗಳ ಲೆಕ್ಕದಲ್ಲೂ ಸಾಕ್ಷಿಯಿದೆ. 2000ದಲ್ಲಿ ಸಂಶೋಧಕರಾದ ಡೇವಿಡ್ ಲಿಯಾನ್ ಮತ್ತು ಜಾರ್ಜ್ ಡೇವಿ ಸ್ಮಿತ್ ಹಲವು ದೇಶಗಳ ಮರಣದ ಅಂಕಿಅಂಶಗಳನ್ನು ಎದುರುಬದುರು ಇಟ್ಟು ನೋಡಿದರು. 1920ರ ದಶಕದ ಆರಂಭದಲ್ಲಿ ಎಲ್ಲಿ ಹೆಚ್ಚು ಹಸುಗೂಸುಗಳು ಸತ್ತಿದ್ದವೋ, 1990ರ ದಶಕದ ಆರಂಭದಲ್ಲಿ ಅಲ್ಲೇ ಅದೇ ಪೀಳಿಗೆಯ ಮುದುಕರು ಜಠರ ಕ್ಯಾನ್ಸರಿನಿಂದ ಹೆಚ್ಚು ಸಾಯುತ್ತಿದ್ದರು. ನಡುವೆ ಎಪ್ಪತ್ತು ವರ್ಷ. ಆ ಹಸುಗೂಸುಗಳನ್ನು ಕೊಂದದ್ದು ಬೇರೆ ಕಾಯಿಲೆಗಳು. ಬದುಕುಳಿದ ಅಣ್ಣತಮ್ಮಂದಿರು ಅದೇ ಮನೆಯ, ಅದೇ ನೀರಿನ ಗುರುತನ್ನು ಹೊಟ್ಟೆಯಲ್ಲಿ ಹೊತ್ತು ಬಂದಿದ್ದರು.

ಫ್ರಿಜ್ ವಿಷಯಕ್ಕೆ ನೀವು ಕುಟುಕಿದ್ದೀರಿ, ಸರಿಯೇ. ಆದರೂ ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. 1930ರ ದಶಕದವರೆಗೂ ಅಮೆರಿಕದಲ್ಲಿ ಕ್ಯಾನ್ಸರ್ ಸಾವುಗಳ ಮುಂಚೂಣಿಯಲ್ಲಿದ್ದದ್ದು ಜಠರ ಕ್ಯಾನ್ಸರೇ. ಆಮೇಲೆ ಅದು ಇಳಿಯುತ್ತಲೇ ಹೋಯಿತು. ಬ್ಯಾಕ್ಟೀರಿಯಾ ಯಾರಿಗೂ ಗೊತ್ತಿರಲಿಲ್ಲ, ಅಲ್ಲಿನ ಸರ್ಕಾರವೇನೂ ಜಠರ ಕ್ಯಾನ್ಸರ್ ವಿರುದ್ಧ ಅಭಿಯಾನ ನಡೆಸಲಿಲ್ಲ. ಮನೆಗಳು ಕೊಂಚ ದೊಡ್ಡದಾದವು, ಮನೆಯಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಯಿತು, ನಲ್ಲಿ ಬಂತು, ಫ್ರಿಜ್ ಬಂದು ಉಪ್ಪು ಹಾಕಿ ಕಾಪಿಡುವ ಅಗತ್ಯ ಕಡಿಮೆಯಾಯಿತು. ತಜ್ಞರೇ ಇದನ್ನು ಯೋಜನೆಯಿಲ್ಲದೆ ಸಿಕ್ಕ ಗೆಲುವು ಎಂದು ಕರೆದಿದ್ದಾರೆ. ಆಸ್ಪತ್ರೆಯ ಒಳಗೆ ಕಾಲಿಡದೆಯೇ ಒಂದು ಕ್ಯಾನ್ಸರ್ ಇಷ್ಟು ತಗ್ಗಿದ್ದಕ್ಕೆ ಇನ್ನೊಂದು ಉದಾಹರಣೆ ನನಗೆ ಸದ್ಯಕ್ಕೆ ಹೊಳೆಯುತ್ತಿಲ್ಲ. ಆದರೆ ಆ ನಲ್ಲಿ, ಆ ಫ್ರಿಜ್ ಎಲ್ಲರ ಮನೆಗೂ ಒಂದೇ ದಿನ ಬರಲಿಲ್ಲ. 2022ರಲ್ಲಿ ಜಗತ್ತಿನಲ್ಲಿ ಸುಮಾರು 9.7 ಲಕ್ಷ ಜನರಿಗೆ ಈ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು, ಸುಮಾರು 6.6 ಲಕ್ಷ ಜನ ಸತ್ತರು.

ಇಷ್ಟಾದ ಮೇಲೆ 'ಬಡವರ ಕಾಯಿಲೆ' ಎಂದು ಬರೆದುಬಿಡಬಹುದಲ್ಲ ಎನ್ನುತ್ತೀರಿ. ಇಲ್ಲಿ ನಾನು ನಿಮ್ಮ ಮಾತಿಗೆ ಒಪ್ಪುವುದಿಲ್ಲ. ಕೊರ‍್ರೇಯಾ ಅವರ ಕೊಲಂಬಿಯಾಕ್ಕೇ ಮರಳೋಣ. ಅಲ್ಲಿನ ನರಿನ್ಯೊ ಪ್ರಾಂತ್ಯದಲ್ಲಿ ಆಂಡೀಸ್ ಬೆಟ್ಟದ ಮೇಲೊಂದು ಜನಸಮುದಾಯ, ಪೆಸಿಫಿಕ್ ಕರಾವಳಿಯಲ್ಲೊಂದು. ಎರಡೂ ಬಡವರದ್ದೇ, ಎರಡರಲ್ಲೂ ಹೆಚ್ಚುಕಡಿಮೆ ಎಲ್ಲರಿಗೂ ಸೋಂಕಿದೆ. ಬೆಟ್ಟದವರ ಜಠರ ಕ್ಯಾನ್ಸರ್ ಅಪಾಯ ಮಾತ್ರ ಕರಾವಳಿಯವರಿಗಿಂತ ಸುಮಾರು 25 ಪಟ್ಟು. ಬ್ಯಾಕ್ಟೀರಿಯಾದ ವಂಶಕ್ಕೂ ಅದನ್ನು ಹೊತ್ತ ಜನರ ವಂಶಕ್ಕೂ ಹೊಂದಿಕೆಯಾಗದಿರುವುದು ಇದಕ್ಕೆ ಒಂದು ಕಾರಣ ಎಂದು ಮುಂದೆ ಕಂಡುಬಂತು. ಬಡತನವೊಂದನ್ನೇ ಹೇಳಿ ಸುಮ್ಮನಾದರೆ ಈ 25 ಪಟ್ಟಿಗೆ ಉತ್ತರ ಎಲ್ಲಿಂದ ತರುವುದು? ಇನ್ನೊಂದು ಸಂಗತಿಯೂ ಇದೆ. ಅನ್ನನಾಳ ಜಠರಕ್ಕೆ ಕೂಡುವ ಬಾಯಲ್ಲಿ ಹುಟ್ಟುವ ಕ್ಯಾನ್ಸರಿಗೆ ಬೊಜ್ಜು ಮತ್ತು ಆಮ್ಲದ ಹಿಮ್ಮುಖ ಹರಿವಿನೊಂದಿಗೆ ನಂಟು. ಅಲ್ಲಿ ಬಡವ–ಶ್ರೀಮಂತ ಎಂಬ ಇಳಿಜಾರು ಇಷ್ಟು ಕಡಿದಾಗಿಲ್ಲ. ಹೆಚ್ಚು ಓದಿದವರಿಗಿಂತ ಕಡಿಮೆ ಓದಿದವರಿಗೆ ಜಠರ ಕ್ಯಾನ್ಸರ್ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ, ಅದು ನಿಜ. ಆದರೆ ದುಡ್ಡಿಲ್ಲದಿರುವುದು ತಾನಾಗಿ ಕೋಶವನ್ನು ಕೆಡಿಸುವುದಿಲ್ಲ. ಕಿಕ್ಕಿರಿದ ಕೋಣೆ, ನೀರು, ಉಪ್ಪು, ಹೊಗೆ, ಇವು ಕೆಡಿಸುತ್ತವೆ; ಬಾಯಿಯಿಂದ ಕೊಳವೆ ಇಳಿಸಿ ಜಠರ ನೋಡುವ ಎಂಡೋಸ್ಕೋಪಿ ತಡವಾದರೆ ಕೆಟ್ಟದ್ದು ಕಾಣದೆ ಬೆಳೆಯುತ್ತದೆ. ಇವುಗಳಲ್ಲಿ ಒಂದೊಂದನ್ನೂ ಹೆಸರಿಟ್ಟು ಕರೆದರೆ ಒಂದೊಂದಕ್ಕೂ ಯಾರಾದರೂ ಉತ್ತರ ಕೊಡಬೇಕಾಗುತ್ತದೆ. 'ಬಡವರ ಕಾಯಿಲೆ' ಎಂದರೆ ಎಲ್ಲರೂ ತಲೆಯಾಡಿಸಿ ಪುಟ ತಿರುಗಿಸುತ್ತಾರೆ. ಮೂವತ್ತು ವರ್ಷ ಓದುಗರನ್ನು ನೋಡಿದ್ದೇನೆ, ಹಾಗೆಯೇ ಆಗುತ್ತದೆ.

ತಡವಾದದ್ದರ ಬಗ್ಗೆ ನಿಮ್ಮ ಪತ್ರದಲ್ಲಿ ಎರಡೇ ಸಾಲಿವೆ. ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲೇ. ಎರಡು ವರ್ಷ ನಿಮ್ಮ ತಂದೆಯ ಅಂಗಿಯ ಜೇಬಿನಲ್ಲಿ ಗುಲಾಬಿ ಬಣ್ಣದ ಆ್ಯಸಿಡಿಟಿ ಔಷಧಿಯ ಸೀಸೆ ಇರುತ್ತಿತ್ತು, ಜೇಬಿನ ಅಂಚಿನಲ್ಲಿ ಅದರ ಕಲೆ ಒಗೆದರೂ ಹೋಗುತ್ತಿರಲಿಲ್ಲ. ಬೆಲ್ಟು ಸಡಿಲವಾದಾಗ ಅವರು ಮೊಳೆ ಕಾಯಿಸಿ ಒಂದು ತೂತು ಕೊರೆದರು. ನಾಲ್ಕು ತಿಂಗಳಿಗೆ ಇನ್ನೊಂದು. ಮೂರನೆಯದನ್ನು ಕೊರೆದದ್ದು ನೀವು. ಆ ಹೊತ್ತಿಗೆ ಆಸ್ಪತ್ರೆಗೆ ಹೋಗಿಯಾಗಿತ್ತು, ಎಂಡೋಸ್ಕೋಪಿಗೆ ದಿನಾಂಕವೂ ಸಿಕ್ಕಿತ್ತು, ಅದು ಏಳು ವಾರ ಆಚೆಗಿತ್ತು.

ಪ್ರಯತ್ನವಿಲ್ಲದೆ ತೂಕ ಇಳಿಯುವುದು ಅಪಾಯದ ಗಂಟೆ. ಕಪ್ಪು ಮಲ, ನುಂಗಲು ಕಷ್ಟ, ನಿಲ್ಲದ ವಾಂತಿ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಕಾರಣ ತಿಳಿಯದ ರಕ್ತಹೀನತೆ, ಇವೂ ಹಾಗೆಯೇ. ಆಮ್ಲ ತಗ್ಗಿಸುವ ಔಷಧಿಗಳು ಉರಿಯನ್ನು ತಣಿಸುತ್ತವೆ, ಆ ಮೂಲಕ ಕ್ಯಾನ್ಸರಿನ ಸುಳಿವನ್ನೂ ಮುಚ್ಚಿಡಬಲ್ಲವು. ಇದೆಲ್ಲ ವೈದ್ಯರಿಗೆ ಗೊತ್ತು. ಆದರೆ ದಿನಗೂಲಿ ಬಿಟ್ಟು ವೈದ್ಯರ ಬಳಿಗೆ ಹೋಗುವುದಕ್ಕಿಂತ ಔಷಧಿ ಅಂಗಡಿಯಲ್ಲಿ 'ಗ್ಯಾಸ್ಟ್ರಿಕ್‌ಗೆ ಏನಾದರೂ ಕೊಡಿ' ಎನ್ನುವುದು ಅಗ್ಗ, ಅದಕ್ಕೆ ಅರ್ಧ ನಿಮಿಷ ಸಾಕು. ಕ್ಯಾನ್ಸರ್ ಜಠರದ ಒಳಪದರದಲ್ಲಷ್ಟೇ ಇರುವಾಗ ಸಿಕ್ಕರೆ ಎಂಡೋಸ್ಕೋಪಿಯಲ್ಲೇ ಕೆತ್ತಿ ತೆಗೆಯಬಹುದು, ಬಹುಪಾಲು ಜನ ಉಳಿಯುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಐದು ವರ್ಷ ದಾಟುವವರು ನೂರಕ್ಕೆ ಹತ್ತು ಜನರೂ ಇಲ್ಲ. ಅಸಮಾನತೆ ಇಲ್ಲಿ ಎರಡನೆಯ ಸಲ ಪೆಟ್ಟು ಕೊಡುತ್ತದೆ, ಮೊದಲ ಪೆಟ್ಟಿಗೆ ಐವತ್ತು ವರ್ಷವಾದ ಮೇಲೆ.

ದಕ್ಷಿಣ ಕೊರಿಯಾ ಈ ಎರಡನೆಯ ಪೆಟ್ಟನ್ನು ತಡೆಯಲು ಹೊರಟ ರೀತಿ ನನಗೆ ಇಷ್ಟ. 1999ರಲ್ಲಿ ಅದು ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಶುರು ಮಾಡಿದ್ದು ಸರ್ಕಾರಿ ವೈದ್ಯಕೀಯ ನೆರವು ಪಡೆಯುವ ಕಡುಬಡವರಿಂದ. ಆಮೇಲೆ ಮೇಲಿನ ವರ್ಗಗಳಿಗೆ ವಿಸ್ತರಿಸಿತು. ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಜಠರದ ತಪಾಸಣೆ. ಎಂಡೋಸ್ಕೋಪಿ ಮಾಡಿಸಿಕೊಂಡವರಲ್ಲಿ ಜಠರ ಕ್ಯಾನ್ಸರ್ ಸಾವು ಸುಮಾರು ಅರ್ಧದಷ್ಟು ಕಡಿಮೆ ಎಂದು ಅಲ್ಲಿನ ಅಧ್ಯಯನ ತೋರಿಸಿತು. ಹೀಗಿದ್ದೂ ತಪಾಸಣೆಗೆ ಬರುವವರಲ್ಲಿ ಅನುಕೂಲಸ್ಥರೇ ಹೆಚ್ಚು ಎಂಬ ದೂರು ಅಲ್ಲೂ ಇದೆ. ಪರೀಕ್ಷೆ ಉಚಿತವಾದರೂ ಒಂದು ದಿನದ ಕೂಲಿ ಉಚಿತವಾಗುವುದಿಲ್ಲವಲ್ಲ. ಜಪಾನ್ 2013ರಲ್ಲಿ ಜಠರದ ಉರಿಯೂತ ಇರುವವರಿಗೂ ಈ ಬ್ಯಾಕ್ಟೀರಿಯಾ ನಿರ್ಮೂಲನದ ಚಿಕಿತ್ಸೆಯನ್ನು ಆರೋಗ್ಯ ವಿಮೆಗೆ ಸೇರಿಸಿತು. ಈ ಕಾಯಿಲೆ ಹೆಚ್ಚಿರುವ ಎಲ್ಲ ದೇಶಗಳಿಗೂ ಇಷ್ಟು ಎಂಡೋಸ್ಕೋಪಿ ಕಟ್ಟುವ ಶಕ್ತಿಯಿಲ್ಲ, ಕಡಿಮೆ ಇರುವ ದೇಶಗಳಿಗೆ ಅದರ ಅಗತ್ಯವೂ ಇಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಾನು ವೈದ್ಯನಲ್ಲ. ಕಳೆದ ಸಲದ ಚೌಕಟ್ಟಿನ ನಂತರ ಇದನ್ನು ಎರಡು ಸಲ ಓದಿ ಬರೆಯುತ್ತಿದ್ದೇನೆ.

ಗಾಬರಿ ಬೇಡ. ಈ ಬ್ಯಾಕ್ಟೀರಿಯಾ ಜಗತ್ತಿನ ಅರ್ಧದ ಹತ್ತಿರದಷ್ಟು ಜನರ ಹೊಟ್ಟೆಯಲ್ಲಿದೆ, ಕ್ಯಾನ್ಸರ್ ಬರುವುದು ಅವರಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ. ಆದರೆ ನಿಮ್ಮ ಲೆಕ್ಕ ಸ್ವಲ್ಪ ಬೇರೆ, ಏಕೆಂದರೆ ತಂದೆಗೆ ಬಂದಿತ್ತು. ಹೆತ್ತವರಲ್ಲೋ ಒಡಹುಟ್ಟಿದವರಲ್ಲೋ ಮಕ್ಕಳಲ್ಲೋ ಜಠರ ಕ್ಯಾನ್ಸರ್ ಇದ್ದು ತಮಗೂ ಸೋಂಕಿದ್ದವರ ಮೇಲೆ ಕೊರಿಯಾದಲ್ಲೇ ನಡೆದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಒಂಬತ್ತು ವರ್ಷ ಗಮನಿಸಿದಾಗ ಚಿಕಿತ್ಸೆ ಪಡೆದವರಲ್ಲಿ ಶೇ 1.2 ಮಂದಿಗೆ, ಔಷಧಿಯಿಲ್ಲದ ಹುಸಿಗುಳಿಗೆ ಪಡೆದವರಲ್ಲಿ ಶೇ 2.7 ಮಂದಿಗೆ ಕ್ಯಾನ್ಸರ್ ಬಂತು. ಹಾಗಾಗಿ ಮೂವರೂ ಪರೀಕ್ಷೆ ಮಾಡಿಸಿಕೊಳ್ಳಿ. ಎಂಡೋಸ್ಕೋಪಿಯಿಂದಲೇ ಶುರು ಮಾಡಬೇಕೆಂದಿಲ್ಲ, ಸೋಂಕು ಪತ್ತೆಗೆ ಉಸಿರಿನ ಪರೀಕ್ಷೆಯಿದೆ, ಮಲದ ಪರೀಕ್ಷೆಯಿದೆ. ನಲವತ್ತು ದಾಟಿದ ನಿಮಗೆ ಎಂಡೋಸ್ಕೋಪಿಯೂ ಬೇಕೇ ಎಂಬುದನ್ನು ವೈದ್ಯರನ್ನು ಕೇಳಿ. ಒಂದು ಎಚ್ಚರಿಕೆ: ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ವಾರ ಮೊದಲೇ ವೈದ್ಯರನ್ನು ಕೇಳಿ ನಿಲ್ಲಿಸಬೇಕು, ಆ್ಯಂಟಿಬಯೋಟಿಕ್ ಆದರೆ ನಾಲ್ಕು ವಾರ ಮೊದಲು. ಇಲ್ಲವಾದರೆ ಇರುವ ಸೋಂಕು ಇಲ್ಲವೆಂದು ಬರಬಹುದು.

ಸೋಂಕು ಕಂಡರೆ ಚಿಕಿತ್ಸೆ ಹತ್ತು, ಹದಿನಾಲ್ಕು ದಿನಗಳದ್ದು, ಹಲವು ಮಾತ್ರೆಗಳು ಒಟ್ಟಿಗೆ. ಬಾಯಿ ಕಹಿಯಾಗುತ್ತದೆ, ಹೊಟ್ಟೆ ಕೆಡುತ್ತದೆ, ಐದನೆಯ ದಿನಕ್ಕೆ ಸಾಕು ಅನ್ನಿಸುತ್ತದೆ. ಬಿಡಬೇಡಿ. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಜಗ್ಗದ ಈ ಬ್ಯಾಕ್ಟೀರಿಯಾವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಔಷಧಿ ತುರ್ತಾಗಿ ಬೇಕಾದವುಗಳ ಪಟ್ಟಿಗೆ ಸೇರಿಸಿತ್ತು, ಅರ್ಧ ಚಿಕಿತ್ಸೆ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಮುಗಿದ ಮೇಲೆ ಕನಿಷ್ಠ ನಾಲ್ಕು ವಾರ ಬಿಟ್ಟು, ಸೋಂಕು ಹೋಯಿತೇ ಎಂದು ಮತ್ತೊಮ್ಮೆ ಪರೀಕ್ಷೆ. ಬಹಳ ಜನ ಇದೊಂದನ್ನು ಮರೆಯುತ್ತಾರೆ.

ಮುಂದಿನ ಸಂಚಿಕೆಯಲ್ಲಿ ಆ ಚೌಕಟ್ಟು ಅದೇ ಪುಟದ ಅದೇ ಜಾಗದಲ್ಲಿ ತಿದ್ದಿ ಬರುತ್ತದೆ. ಹತ್ತು ಸೂತ್ರಗಳಿರುವುದಿಲ್ಲ. ಒಂಬತ್ತು ಜನರ ಕೋಣೆಯ ಬಗ್ಗೆ ನೀವು ಬರೆದ ಸಾಲನ್ನು ಅಲ್ಲಿ ಬಳಸಿಕೊಳ್ಳಲು ನಿಮ್ಮ ಒಪ್ಪಿಗೆ ಬೇಕು, ತಿಳಿಸಿ. ಕಿರಿಯ ತಮ್ಮ ಪರೀಕ್ಷೆಗೆ ಹೆದರುತ್ತಾನೆ ಎಂದಿದ್ದೀರಿ. ಮೂವರೂ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು ಎಂದೂ ಬರೆದಿದ್ದೀರಿ. ಪರೀಕ್ಷೆಗೂ ಒಟ್ಟಿಗೇ ಹೋಗಿ.

— ಸಂಪಾದಕ